ಔಷಧವೂ ಗೋಪ್ಯವೇ?

ಗುಟ್ಟಾಗಿ ಇಡತಕ್ಕ ಒಂಬತ್ತು ಸಂಗತಿಗಳಲ್ಲಿ ಔಷಧವನ್ನೂ ನಮ್ಮ ನೀತಿಕಾರರು ಎಣಿಸಿದ್ದಾರೆ. ಆ ಸುಭಾಷಿತವನ್ನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಇಂದು ಅದಕ್ಕೊಂದು ಅಪವಾದವನ್ನು ಸೂಚಿಸಬಯಸುತ್ತೇನೆ.

ಜಯನಗರದ 4ನೆಯ ಬ್ಲಾಕಿನಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ನನ್ನ ಅಣ್ಣನವರಿಗೆ ಪಾರ್ಶ್ವವಾಯು ಬಡಿಯಿತು, ಮಾತು ನಿಂತಿತು. 108ರ ವಾಹನ ಬೇಗನೆ ಬಂದಿತು. ವೈದ್ಯರು ಮೊದಲು ಕೇಳಿದ್ದು ಎರಡೇ ಪ್ರಶ್ನೆ: ಯಾವಾಗ ಆಯಿತು? ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಸೇವಿಸುತ್ತಾರೆಯೇ? ಅತ್ತಿಗೆಯವರು ಬಲ್ಲದ್ದು ‘ಬಿಳಿಯ ಸಣ್ಣ ಗುಳಿಗೆ’ ಎಂಬಷ್ಟೇ. ಮೆದುಳಿನ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಆದರೆ ಅಂಥ ಗುಳಿಗೆ ಸೇವಿಸುವವರಿಗೆ ಅದರಿಂದ ರಕ್ತಸ್ರಾವದ ಭಯವುಂಟು. ಬನಶಂಕರಿಯ ಮನೆಯಿಂದ ವೈದ್ಯರ ಚೀಟಿಯನ್ನು ಹುಡುಕಿ ತರುವಷ್ಟರಲ್ಲಿ ಅಮೂಲ್ಯವಾದ ಒಂದು ಗಂಟೆ ಕಳೆದುಹೋಯಿತು. ಅಣ್ಣನವರು ಬದುಕಿದರು, ಬಲಗೈ ಮಾತ್ರ ಬರಹಕ್ಕೆ ಮರಳಲಿಲ್ಲ.

2021ರಿಂದ ದೇಶದಲ್ಲೆಲ್ಲ ‘ಆಭಾ’ ಎಂಬ 14 ಅಂಕಿಗಳ ಆರೋಗ್ಯಸಂಖ್ಯೆ ದೊರೆಯುತ್ತಿದೆ. ಅದೂ ಇರಲಿ. ಆದರೆ ಬೀಗ ಹಾಕಿದ ಮೊಬೈಲಿನೊಳಗೆ ಅಡಗಿದ ಮಾಹಿತಿ ಮೂರ್ಛಿತನ ಪರವಾಗಿ ಮಾತನಾಡದು. ರಕ್ತದ ಗುಂಪು, ಇರುವ ರೋಗ, ಗುಳಿಗೆಯ ಹೆಸರು ಮತ್ತು ಪ್ರಮಾಣ, ಒಗ್ಗದ ಮದ್ದು, ಇಬ್ಬರು ಬಂಧುಗಳ ದೂರವಾಣಿ ಸಂಖ್ಯೆ, ಇವಿಷ್ಟನ್ನು ಚೀಟಿಯಲ್ಲಿ ಬರೆದು ಹಣದ ಚೀಲದಲ್ಲಿ ಇಟ್ಟುಕೊಳ್ಳೋಣ. ಮದ್ದು ಬದಲಾದ ದಿನವೇ ಚೀಟಿಯನ್ನೂ ಬದಲಿಸೋಣ.

ಔಷಧವು ನೆರೆಹೊರೆಗೆ ಗೋಪ್ಯವಾಗಿರಲಿ. ಪ್ರಾಣ ಉಳಿಸಲು ಬಂದವರಿಗೆ ಗೋಪ್ಯವಾಗದಿರಲಿ. ಇಂಥ ಚೀಟಿಯನ್ನು ಅಚ್ಚು ಹಾಕಿಸಿ ಪ್ರತಿಯೊಬ್ಬ ವಿದ್ಯಾರ್ಥಿಯ ಮನೆಗೆ ತಲುಪಿಸಲು ದಾನಿಗಳು ಮುಂದೆ ಬಂದರೆ ಅದೂ ವಿದ್ಯಾದಾನವೇ ಸರಿ.