ಸೀಳು ತುಟಿ: ಗ್ರಹಣವನ್ನೂ ದೂರಬೇಡಿ, ಸೊಸೆಯನ್ನೂ ದೂರಬೇಡಿ

ಗ್ರಹಣ ಬಂತೆಂದರೆ ಸಾಕು, ನಮ್ಮ ಜೋಗುಪಾಳ್ಯದ ಎಷ್ಟೋ ಮನೆಗಳಲ್ಲಿ ಬಸುರಿಗೆ ‘ಈಳಿಗೆಮಣೆ ಮುಟ್ಟಬೇಡ, ಕತ್ತರಿ ಹಿಡೀಬೇಡ’ ಎಂಬ ಎಚ್ಚರಿಕೆ ಶುರು. ಮುಟ್ಟಿದರೆ ಮಗುವಿನ ತುಟಿ ಸೀಳುತ್ತದಂತೆ! ಅಂಥ ಮಗು ಹುಟ್ಟಿಬಿಟ್ಟರಂತೂ ಬಾಣಂತಿಗೆ ವಿಚಾರಣೆ: ‘ಅವತ್ತು ಏನು ಹೆಚ್ಚಿದೆ, ನೆನಪು ಮಾಡ್ಕೋ.’

ಸ್ವಲ್ಪ ಯೋಚಿಸಿ. ಗರ್ಭದಲ್ಲಿ ತುಟಿ ಕೂಡಿಕೊಳ್ಳುವುದು 4ರಿಂದ 7ನೇ ವಾರದೊಳಗೆ, ಅಂಗುಳ 6ರಿಂದ 9ನೇ ವಾರದೊಳಗೆ. ಎಷ್ಟೋ ಮಂದಿಗೆ ಆಗಿನ್ನೂ ಬಸುರಿ ಎಂದೇ ಗೊತ್ತಿರುವುದಿಲ್ಲ. ಏಳನೇ ತಿಂಗಳಲ್ಲಿ ಬಂದ ಗ್ರಹಣ, ಕೂಡಿ ಮುಗಿದ ತುಟಿಯನ್ನು ಸೀಳುವುದಾದರೂ ಹೇಗೆ? ಗ್ರಹಣದ ಗೊಡವೆಯೇ ಇಲ್ಲದ ದೇಶಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಜಗತ್ತಿನಲ್ಲಿ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಈ ತೊಂದರೆ ಇದೆ.

ಮತ್ತೆ ಕಾರಣ ಏನು?

ಬಹುಪಾಲು ಮಕ್ಕಳಲ್ಲಿ ಒಂದೇ ಕಾರಣ ಇರುವುದಿಲ್ಲ. ಹಲವು ವಂಶವಾಹಿಗಳು, ಜೊತೆಗೆ ಗರ್ಭದ ಮೊದಲ ವಾರಗಳ ಪರಿಸ್ಥಿತಿ ಎರಡೂ ಸೇರಿ ಹೀಗಾಗುತ್ತದೆ. ವಂಶವಾಹಿಗಳು ಬರುವುದು ತಾಯಿಯಿಂದಷ್ಟೇ ಅಲ್ಲ, ತಂದೆಯಿಂದಲೂ. ಹಾಗಿದ್ದ ಮೇಲೆ ಸೊಸೆಯೊಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ತಂದೆತಾಯಿಗೆ ತೊಂದರೆ ಇಲ್ಲದೆ ಮೊದಲ ಮಗುವಿಗೆ ಸೀಳು ತುಟಿ ಇದ್ದರೆ, ಮುಂದಿನ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ 2ರಿಂದ 5 ಮಾತ್ರ. ಆದರೆ ಕೆಲವು ಮನೆತನಗಳಲ್ಲಿ ಐಆರ್‌ಎಫ್6 ಎಂಬ ಒಂದೇ ವಂಶವಾಹಿಯ ದೋಷ ಇಳಿದು ಬರುತ್ತದೆ. ಕೆಳತುಟಿಯಲ್ಲಿ ಪುಟ್ಟ ಗುಳಿಗಳಿರುವುದು ಅದರ ಗುರುತು. ಅಂಥವರ ಪ್ರತಿ ಮಗುವಿಗೂ ಆ ದೋಷ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಇವರು ವಂಶವಾಹಿ ತಜ್ಞರನ್ನು ಕಾಣಲೇಬೇಕು.

ನೀವು ಮಾಡಬಹುದಾದ್ದು

* ಎರಡೂ ಕಡೆಯ ಬಂಧುಗಳಲ್ಲಿ ಯಾರಿಗಾದರೂ ಇತ್ತೇ ಎಂದು ವಿಚಾರಿಸಿ. ಸೋದರಮಾವ, ಅತ್ತೆ ಮಗ ಎಂದು ಸಂಬಂಧದಲ್ಲೇ ಮದುವೆಯಾಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.
* ಗರ್ಭ ಧರಿಸುವ ಒಂದು ತಿಂಗಳ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಿ.
* ಫಿಟ್ಸ್ ಮಾತ್ರೆ ನುಂಗುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಬಸುರಿಯಾಗುವ ಮುಂಚೆಯೇ ವೈದ್ಯರನ್ನು ಕೇಳಿ.
* ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಮನೆಯೊಳಗೆ ಬೀಡಿ, ಸಿಗರೇಟಿನ ಹೊಗೆ ಬೇಡ.

ಮಗು ಹುಟ್ಟಿದ್ದರೆ?

ಗಾಬರಿ ಬೇಡ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳದ್ದು 9ರಿಂದ 18 ತಿಂಗಳಲ್ಲಿ ಆಗುತ್ತದೆ. ಅಲ್ಲಿಯವರೆಗೆ ಮಗುವಿನ ತಲೆ ಎತ್ತಿ ಹಿಡಿದು ನಿಧಾನವಾಗಿ ಹಾಲು ಕುಡಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಚಿಕಿತ್ಸೆ ಉಂಟು; ಅಂಗನವಾಡಿಯಲ್ಲಿ ವಿಚಾರಿಸಿ. ಸ್ಮೈಲ್ ಟ್ರೇನ್ ಸಂಸ್ಥೆಯೂ ಆಸ್ಪತ್ರೆಗಳ ಮೂಲಕ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ.

ಪಕ್ಕದ ಮನೆಯಲ್ಲಿ ಇಂಥ ಮಗು ಹುಟ್ಟಿದರೆ, ‘ಗ್ರಹಣದಲ್ಲಿ ಹೊರಗೆ ಬಂದಿದ್ದಳಾ?’ ಎಂದು ಕೇಳಬೇಡಿ. ‘ಡಾಕ್ಟರ ಹತ್ತಿರ ಹೋಗಲು ಜೊತೆಗೆ ಬರಲಾ?’ ಎಂದು ಕೇಳಿ. ಆ ತಾಯಿಗೆ ಆಗ ಬೇಕಿರುವುದು ಅದೇ ಅಲ್ಲವೆ?