ಏರಿಯೇ ನಮ್ಮ ತೀರ

ನಿವೃತ್ತರಿಗೆ ಕಡಲ ತೀರದ ವಿಹಾರ ಹಿತಕರವೆನ್ನುತ್ತಾರೆ. ತುಮಕೂರು ಸೀಮೆಯವರಾದ ನಾವು ಕಡಲನ್ನು ಎಲ್ಲಿಂದ ತರೋಣ? ನಮಗಿರುವುದು ಕುಣಿಗಲಿನ ದೊಡ್ಡಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ನಗರದ ಅಮಾನಿಕೆರೆ. ಏರಿಯೇ ನಮ್ಮ ತೀರ.

ಪಿಂಚಣಿಯ ಮೊದಲ ವರ್ಷ ನಾನೂ ಏರಿಯ ಮೇಲೆ ಸುಮ್ಮನೆ ಅಡ್ಡಾಡಿದವನೇ. ಎದುರಾದವರೊಡನೆ ಮಂಡಿನೋವಿನ ಪ್ರಸ್ತಾಪವಾದರೆ ಆ ದಿನದ ಕಲಾಪ ಮುಗಿಯಿತು. ಒಂದು ಜನವರಿಯ ಬೆಳಗ್ಗೆ ಯುವಕರು ಕೆಲವರು ದುರ್ಬೀನನ್ನು ಕೈಗಿತ್ತು, “ತಾತ, ಬಾತುಗಳನ್ನು ಎಣಿಸಿಕೊಡಿ” ಎಂದರು. ಏಷ್ಯದ ಕೆರೆಕುಂಟೆಗಳಲ್ಲಿ 1987ರಿಂದ ಜನವರಿಯಲ್ಲಿ ನಡೆದುಬಂದಿರುವ ನೀರುಹಕ್ಕಿಗಳ ಗಣತಿ ಅದು. ಎಣಿಸುವವರು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ಮೂವತ್ತು ವರ್ಷ ಲೆಕ್ಕ ಬರೆದವನಿಗೆ ಇದು ಕಷ್ಟವೇ ಎಂದುಕೊಂಡೆ. ಕಷ್ಟವೇ ಆಯಿತು! ಕಡತಗಳು ಹಾರುವುದಿಲ್ಲ, ಬಾತುಗಳು ಹಾರುತ್ತವೆ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಅಣೆಕಟ್ಟೆಯನ್ನು ದಾಟಿದ ಶಿಂಷೆ ಮುಂದೆ ಕೊಕ್ಕರೆ ಬೆಳ್ಳೂರಿನ ಮಗ್ಗುಲಲ್ಲಿ ಹರಿಯುತ್ತದೆ. ಅಲ್ಲಿ ಊರ ಯುವಕರ ‘ಹೆಜ್ಜಾರ್ಲೆ ಬಳಗ’ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬದುಕಿಸಿದೆ. ಮರಿಗೆ ಮೀನು ಬೇಕು. ಮೀನಿಗೆ ಕೆರೆ ಬೇಕು. ಕೆರೆ ಕೆಟ್ಟರೆ ಹಕ್ಕಿಗಳು ಅರ್ಜಿ ಬರೆಯುವುದಿಲ್ಲ, ಬರುವುದನ್ನು ನಿಲ್ಲಿಸುತ್ತವೆ. ಆ ಗೈರುಹಾಜರಿಯನ್ನು ಗುರುತುಹಾಕಲು ಯಾರಾದರೊಬ್ಬರು ಬೇಕಷ್ಟೆ.

“ಮತ್ತೆ ನೌಕರಿಯೇ?” ಎಂದು ಮನೆಯಾಕೆ ನಗುತ್ತಾಳೆ. ಹೌದು, ಈ ನೌಕರಿಗೆ ನಿವೃತ್ತಿಯಿಲ್ಲ.