ಒಂದು ಮನೆಯ ನಡೆ

ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಆಟಿ ತಿಂಗಳ ಮಳೆಗೆ ಚೆನ್ನೆಮಣೆಯು ಹೊರಬರುವುದು ಹಿಂದಿನಿಂದ ಬಂದ ರೂಢಿ. ಅದರ ಪಕ್ಕದಲ್ಲಿ ಈಗ ಚದುರಂಗದ ಹಲಗೆಯೂ ಕಾಣಿಸುತ್ತಿರುವುದು ಸಂತೋಷಕರವೇ ಸರಿ. ಆದರೆ ಪಂದ್ಯಕ್ಕೆ ಹೊರಟ ಮಕ್ಕಳು ಮೊದಲ ಹತ್ತು ಹನ್ನೆರಡು ನಡೆಗಳನ್ನು ಅಮರಕೋಶದಂತೆ ಕಂಠಪಾಠ ಮಾಡಿ, ಅರ್ಥವನ್ನು ಕೇಳಿದರೆ ಮೌನ ತಾಳುವುದನ್ನು ನಾವು ಕಂಡಿದ್ದೇವೆ. ಅಂಥವರ ತಾಯಿತಂದೆಗಳ ಅವಗಾಹನೆಗಾಗಿ ಒಂದು ಆಟದ ವೃತ್ತಾಂತವನ್ನು ಇಲ್ಲಿ ಹೇಳುತ್ತೇವೆ.

ಪಂಜಾಬಿನ ಸುಲ್ತಾನ್ ಖಾನರು ಬಾಲ್ಯದಲ್ಲಿ ಕಲಿತದ್ದು ನಮ್ಮ ದೇಶದ ಹಳೆಯ ಪದ್ಧತಿಯ ಆಟ. ಅದರಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯತಕ್ಕದ್ದು. ಐರೋಪ್ಯರ ಆಟದಂತೆ ಎರಡು ಮನೆ ಸರಿಯುವಂತಿಲ್ಲ. 1929ರಲ್ಲಿ ಇಂಗ್ಲೆಂಡಿಗೆ ಹೋದ ಅವರು ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದರು. ಪ್ರಾರಂಭದ ನಡೆಗಳ ಪುಸ್ತಕಜ್ಞಾನದಲ್ಲಿ ಮಾತ್ರ ಅವರು ಎದುರಾಳಿಗಳಿಗಿಂತ ಹಿಂದೆಯೇ ಇದ್ದರು.

ಹೇಸ್ಟಿಂಗ್ಸ್ ಪಟ್ಟಣದ 1930–31ರ ಪಂದ್ಯದಲ್ಲಿ ಅವರಿಗೆ ಎದುರಾದವರು 1921ರಿಂದ 1927ರ ವರೆಗೆ ಜಗಜ್ಜೇತರಾಗಿದ್ದ ಕಾಪಾಬ್ಲಾಂಕಾ. ಕಪ್ಪುಕಾಯಿಗಳಿಂದ ಆಡಿದ ಕಾಪಾಬ್ಲಾಂಕಾ ಕೈಕೊಂಡದ್ದು ‘ಕ್ವೀನ್ಸ್ ಇಂಡಿಯನ್’ ಎಂಬ ರಕ್ಷಣಾಕ್ರಮ. ಕಾಲಾಳುಗಳನ್ನು ಕೂಡಲೇ ಹಲಗೆಯ ನಡುವಿಗೆ ನುಗ್ಗಿಸದೆ, ಕುದುರೆಯಿಂದಲೂ ಪಕ್ಕದಲ್ಲಿ ನಿಲ್ಲಿಸಿದ ಒಂಟೆಯಿಂದಲೂ ಮಧ್ಯದ ಮನೆಗಳನ್ನು ದೂರದಿಂದ ಕಾಯುವುದು ಇದರ ಮರ್ಮ. 19ನೆಯ ಶತಮಾನದಲ್ಲಿ ಕಲ್ಕತ್ತೆಯ ಮಹೇಶಚಂದ್ರ ಬಂದ್ಯೋಪಾಧ್ಯಾಯರು ಬ್ಯಾರಿಸ್ಟರ್ ಕಾಕ್ರೇನರೊಡನೆ ಈ ಜಾತಿಯ ವ್ಯೂಹಗಳನ್ನು ಹೂಡಿ ಆಡಿದ್ದರಿಂದಲೇ ಇವುಗಳಿಗೆ ‘ಇಂಡಿಯನ್’ ಎಂಬ ಹೆಸರು ನಿಂತಿತು.

ಖಾನರ ಐದನೆಯ ನಡೆಯನ್ನು ಗಮನಿಸಬೇಕು. ಮಂತ್ರಿಯ ಕಡೆಯ ಅಂಚಿನ ಕಾಲಾಳನ್ನು ಅವರು ಒಂದೇ ಮನೆ ಮುಂದೆ ಸರಿಸಿದರು. ನೋಡುವವರಿಗೆ ಒಂದು ನಡೆ ವ್ಯರ್ಥವಾದಂತೆ ತೋರುತ್ತದೆ. ವಸ್ತುತಃ ಕಪ್ಪಿನ ಒಂಟೆಯು ಬಂದು ಬಿಳಿಯ ಕುದುರೆಯನ್ನು ಕಟ್ಟಿಹಾಕುವ ದಾರಿ ಅದರಿಂದ ಮುಚ್ಚಿಹೋಯಿತು. ಮುಂದೆ ಜಗಜ್ಜೇತ ಪೆಟ್ರೋಸಿಯನ್ ಇದೇ ಉಪಾಯವನ್ನು ನೆಚ್ಚಿದ್ದರಿಂದ ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆಟದ ನಡುವೆ ಕಾಪಾಬ್ಲಾಂಕಾ ತಮ್ಮ ಎರಡು ಆನೆಗಳನ್ನು ತೆತ್ತು ಖಾನರ ಮಂತ್ರಿಯನ್ನು ಹೊಡೆದರು. ಖಾನರು ಎದೆಗುಂದದೆ, ಉಳಿದ ತಮ್ಮ ಆನೆಗಳೆರಡನ್ನೂ ಜೊತೆಗೂಡಿಸಿ, ಮೆಲ್ಲಮೆಲ್ಲನೆ ಮುತ್ತಿ, 65ನೆಯ ನಡೆಯಲ್ಲಿ ಗೆದ್ದರು.

ಕಂಠಪಾಠವನ್ನು ನಾವು ಹಳಿಯುವುದಿಲ್ಲ. ಅದರಿಂದಲೇ ನಾವೂ ವಿದ್ಯೆ ಕಲಿತವರು. ಆದರೆ ಅನ್ವಯವಿಲ್ಲದ ಶ್ಲೋಕದಂತೆ ಅರ್ಥವಿಲ್ಲದ ನಡೆಯೂ ಎದುರಾಳಿಯು ಪುಸ್ತಕವನ್ನು ಬಿಟ್ಟು ಆಡಿದ ಕ್ಷಣವೇ ಕೈಕೊಡುತ್ತದೆ. ಆದುದರಿಂದ ಪಂದ್ಯದಿಂದ ಮರಳಿದ ಮಗುವನ್ನು ‘ಗೆದ್ದೆಯಾ?’ ಎಂದು ಕೇಳುವುದಕ್ಕೆ ಮೊದಲು, ‘ಆ ಕಾಲಾಳನ್ನು ಏಕೆ ನಡೆಸಿದೆ?’ ಎಂದು ಕೇಳಿರಿ. ಉತ್ತರ ಬಂದರೆ, ಸೋತು ಬಂದಿದ್ದರೂ ಆ ದಿನದ ಪಾಠ ನಡೆದಿದೆಯೆಂದು ತಿಳಿಯಿರಿ.